ಸೀಮೆಸುಣ್ಣದ ಸೇಡು

ರುದ್ರಪ್ಪ ಮೇಷ್ಟರು ಬಾಯಿಬಿಟ್ಟು ಜಗಳವಾಡಿದ್ದನ್ನು ಶಿರಾದಲ್ಲಿ ಯಾರೂ ಕಂಡವರಿಲ್ಲ. ಅವರ ಜಗಳವೆಲ್ಲ ಬೋರ್ಡಿನ ಮೇಲೆ. ಐವತ್ತರ ದಶಕದ ಕೊನೆಯಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಅವರು, ಒಂದೇ ಅರ್ಥವೆನಿಸುವ ಎರಡು ಪದ ಬರೆದು, ಅವುಗಳ ವ್ಯತ್ಯಾಸಕ್ಕೆ ಊರಿನವರನ್ನೇ ಉದಾಹರಣೆ ಕೊಡುತ್ತಿದ್ದರು. ಬೇಕಾದವರಿಗೆ ಒಳ್ಳೆಯ ಪದ, ಆಗದವರಿಗೆ ಇನ್ನೊಂದು.

“ತ್ರಿಫ್ಟಿ ಅಂದ್ರೆ ನಮ್ಮವ್ವ. ಹಿಡಿ ರಾಗೀನೂ ಚೆಲ್ಲಾಕಿಲ್ಲ, ಬಂದೋರಿಗೆ ಉಣ್ಣಾಕಿಕ್ತಾಳೆ. ಮೈಸರ್ ಅಂದ್ರೆ ನಮ್ಮನೆ ಓನರು. ಬಾವಿ ಹಗ್ಗಾನೂ ಒಳಗಿಟ್ಟು ಬೀಗ ಹಾಕ್ತಾನೆ ಕಣ್ರಲಾ!”

ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಸಂಜೆಯೊಳಗೆ ಮಾತು ಬೀದಿಬೀದಿ ಸುತ್ತುತ್ತಿತ್ತು. ಮಾರನೆಯ ದಿನವೇ ಹಗ್ಗ ಬಾವಿಕಟ್ಟೆಗೆ ಬಂತು.

ನಮ್ಮಪ್ಪನದು ಕಡ್ಲೆಕಾಯಿ ಮಂಡಿ. ಮೇಷ್ಟರು ತಮ್ಮನಿಗೆ ನಮ್ಮ ಅಕ್ಕನನ್ನು ಕೇಳಲು ಬಂದಾಗ ಅಪ್ಪ ಮಂಡಿಯ ಜನರೆದುರೇ ನಕ್ಕುಬಿಟ್ಟರು. “ಇಸ್ಕೂಲ್ ಮೇಷ್ಟ್ರ ಮನೆಗಾ? ಹೋಗಿ ಸ್ವಾಮಿ!” ತಪ್ಪು ಅಪ್ಪನದೇ, ಇಲ್ಲವೆನ್ನುವುದಿಲ್ಲ.

ಮಾರನೆಯ ದಿನ ಬೋರ್ಡಿನ ಮೇಲೆ ಪ್ರೌಡ್, ಆರೊಗೆಂಟ್. “ಮಗಳು ಓದ್ತಾಳೆ ಅಂತ ಹಿಗ್ಗೋನು ಪ್ರೌಡ್. ಮಂಡಿ ಬಾಗಿಲಿಗೆ ಬಂದೋರ ಮೊಕ ನೋಡಿ ನಗೋನು ಆರೊಗೆಂಟ್. ಯಾರು ಹೇಳ್ರಲಾ?” ಹಿಂದಿನ ಬೆಂಚಿನವರು ಅಪ್ಪನ ಹೆಸರು ಕೂಗಿದರು.

ಊರಿಗಿನ್ನೂ ಹೇಳಿರದಿದ್ದರೂ, ಅಕ್ಕನಿಗೆ ಆಗಲೇ ಮದಲೂರಿನ ಗಂಡು ಗೊತ್ತಾಗಿತ್ತು. ಅಕ್ಕ ಮನಸಾರೆ ಒಪ್ಪಿದ್ದಳು. ಗಂಡಿನ ತಮ್ಮ ನಮ್ಮ ತರಗತಿಯವನೇ, ಮಾತು ಅವನ ಜೊತೆಗೇ ಊರು ಸೇರಿತು. “ಆ ಮನೇವ್ರ ದರ್ಪ ಇಸ್ಕೂಲ್ ಮಕ್ಳಿಗೂ ಗೊತ್ತೈತೆ. ನಮಗ್ಯಾಕಪ್ಪ ಆ ನೆಂಟಸ್ತನ,” ಎಂದು ಗಂಡಿನ ತಂದೆ ಮದುವೆ ಮುರಿದರು. ಅಕ್ಕ ಒಲೆಯ ಮುಂದೆ ಕೂತು ಅತ್ತಳು.

ಮಾರನೆಯ ದಿನ ಗಂಟೆ ಹೊಡೆಯುವ ಮೊದಲೇ ಹೋಗಿ, ಬೋರ್ಡಿನ ಮೇಲೆ ಟಿಮಿಡ್, ಕೌವರ್ಡ್ ಎಂದು ಬರೆದೆ. ಮೇಷ್ಟರು ಬಂದು ನೋಡಿದರು. ಕೇಳುವ ಮುಂಚೆಯೇ ಎದ್ದು ನಿಂತೆ.

“ಅಂಜಿ ಸುಮ್ನಿರೋರು ಟಿಮಿಡ್ ಸಾರ್. ಅಪ್ಪನ ಮೇಲಿನ ಸಿಟ್ಟನ್ನ ಮಗಳ ಮೇಲೆ ತೀರಿಸ್ಕೊಳ್ಳೋ ಹೇಡಿಗಳು ಕೌವರ್ಡ್.”

ಯಾರೂ ನಗಲಿಲ್ಲ. “ಅರ್ಥ ಸರಿಯಾಗೈತೆ, ಕೂತ್ಕಳಮ್ಮ,” ಎಂದರು ಮೇಷ್ಟರು. ಅಂದಿನಿಂದ ಅವರ ಉದಾಹರಣೆಗಳಲ್ಲಿ ಬರೀ ದನ, ನಾಯಿ. ಭಾನುವಾರ ಮದಲೂರಿಗೆ ಹೋಗಿ ಗಂಡಿನ ತಂದೆಯ ಕೈಕಾಲು ಹಿಡಿದರಂತೆ. ಆ ಹುಡುಗನಿಗೆ ಅಷ್ಟರಲ್ಲಿ ಬೇರೆ ಹೆಣ್ಣು ಗೊತ್ತಾಗಿತ್ತು. ಅಕ್ಕ ಮತ್ತೆ ಯಾರನ್ನೂ ಒಪ್ಪಲಿಲ್ಲ.

ನಾನು ಮಧುಗಿರಿಯಲ್ಲಿ ಇಂಗ್ಲಿಷ್ ಟೀಚರಾದೆ. ನನ್ನ ಇಂಗ್ಲಿಷೆಲ್ಲ ಅವರದೇ, ಅದಕ್ಕೂ ನನಗೆ ಸಿಟ್ಟು. ಒಮ್ಮೆ ಶಿರಾ ಬಸ್ ಸ್ಟ್ಯಾಂಡಿನಲ್ಲಿ ಮೇಷ್ಟರು ನನ್ನ ಬಸ್ಸಿನ ಕಿಟಕಿಯ ಹತ್ತಿರ ಬಂದರು. ತೀರಾ ಬಡವಾಗಿದ್ದರು.

“ಅಕ್ಕ ಹೆಂಗವ್ಳಮ್ಮ?”

“ಮನೇಲೇ ಅವ್ಳೆ ಸಾರ್.”

ಅವರು ಕಿಟಕಿಯ ಸರಳು ಹಿಡಿದು ನಿಂತೇ ಇದ್ದರು. ಅಕ್ಕ ನನಗೆ ಎಷ್ಟೋ ಸಲ ಹೇಳಿದ್ದಳು, “ಮೇಷ್ಟ್ರು ಸಿಕ್ರೆ ನಂಗೇನೂ ಸಿಟ್ಟಿಲ್ಲ ಅಂತ ಹೇಳ್ಬುಡೇ” ಎಂದು. ಅವರಿಗೆ ಬೇಕಿದ್ದದ್ದು ಅದೊಂದೇ ಮಾತು. ನಾನು ತುಟಿ ಬಿಚ್ಚಲಿಲ್ಲ. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು.

ಕೆಲವು ತಿಂಗಳಲ್ಲೇ ಅವರು ತೀರಿಕೊಂಡ ಸುದ್ದಿ ಬಂತು. ಅಕ್ಕ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು.

“ಹೇಳಿದ್ಯೇನೆ ಅವರಿಗೆ?”

“ಹೇಳ್ದೆ,” ಎಂದೆ.