ಬಾಗಿಲಿಗೆ ಬೆನ್ನು ಹಾಕಿದ ಸೋಫಾ

ನಮ್ಮ ಮನೆಯ ಸೋಫಾದ ಮೇಲೆ ದಿನಾ ಬೆಳಿಗ್ಗೆ ಏಟು ಬೀಳುತ್ತದೆ. ಗಾಬರಿಯಾಗಬೇಡಿ, ಹೊಡೆಯುವವಳು ನನ್ನ ಮಗಳು ಪ್ರತೀಕ್ಷಾ, ಹೊಡೆಸಿಕೊಳ್ಳುವುದು ಐದು ದಿಂಬುಗಳು. ಅಂಗೈಯನ್ನು ಕತ್ತಿಯ ಹಾಗೆ ಅಡ್ಡ ಹಿಡಿದು ಒಂದೊಂದರ ನೆತ್ತಿಗೂ ಬಿಟ್ಟರೆ, ಅದು ನಡುವೆ ತಗ್ಗಿ ಎರಡು ಕಿವಿ ಎತ್ತಿ ಕೂರುತ್ತದೆ. ಹಾಗೆ ಕಿವಿ ಎತ್ತಿ ಕೂತರೆ ಮಾತ್ರ ದಿಂಬು ಸಹಜವಾಗಿ ಕಾಣುತ್ತದಂತೆ. ಆಮೇಲೆ ಒಂದು ಉಣ್ಣೆಯ ಹೊದಿಕೆಯನ್ನು ಸೋಫಾದ ಕೈಯ ಮೇಲೆ, ಯಾರೋ ಈಗಷ್ಟೇ ಮರೆತು ಎದ್ದುಹೋದಂತೆ, ಚೆಲ್ಲಬೇಕು. ಮರೆತಂತೆ ಚೆಲ್ಲಲು ಅವಳಿಗೆ ಹತ್ತು ನಿಮಿಷ ಬೇಕು. ಫ್ಯಾನಿನ ಕೆಳಗೆ ಕೂತರೂ ಬೆನ್ನಿನಲ್ಲಿ ಬೆವರು ಹರಿಯುವ ಈ ಮಂಗಳೂರಿನಲ್ಲಿ ಉಣ್ಣೆ ಹೊದ್ದು ಕೂರುವ ಪುಣ್ಯಾತ್ಮರು ಯಾರು ಎಂದು ಕೇಳಿದರೆ, "ಅದು ಹೊದೆಯಲಿಕ್ಕೆ ಅಲ್ಲಮ್ಮ, ನೋಡಲಿಕ್ಕೆ" ಎನ್ನುತ್ತಾಳೆ. ತಲೆ ಚಿಟ್ಟು ಹಿಡಿಯುವುದಿಲ್ಲವೇ, ನೀವೇ ಹೇಳಿ.

ಈ ಸೋಫಾದ ಜಾತಿಯ ಹೆಸರು ಮಿಡ್-ಸೆಂಚುರಿ ಮಾಡರ್ನ್. ಸಪೂರ ಕಾಲು, ಸಾಸಿವೆ ಬಣ್ಣದ ಬಟ್ಟೆ, ನೇರ ಗೆರೆ ಎಳೆದಂಥ ಮೈ. ಕಳೆದ ಶತಮಾನದ ನಡುಭಾಗದ್ದು ಇಂದಿಗೆ ಮಾಡರ್ನ್ ಹೇಗಾಯಿತು ಎಂದು ನಾನು ಕೇಳಬಾರದು. ನಾನೂ ಹೆಚ್ಚುಕಡಿಮೆ ಅದೇ ಕಾಲದ ಸರಕು. ನನ್ನನ್ನು ಮಾತ್ರ ಈವರೆಗೆ ಯಾರೂ ಆ ಹೆಸರಿನಿಂದ ಕರೆದದ್ದಿಲ್ಲ.

ದಿಂಬು, ಹೊದಿಕೆ ಎಲ್ಲವನ್ನೂ ಸಹಿಸಿಕೊಂಡೇನು. ಸಹಿಸಲಾಗದ್ದು ಅದು ನಿಂತ ಜಾಗ. ಸೋಫಾ ಗೋಡೆಗೆ ಒರಗಬಾರದಂತೆ, ಕೋಣೆಯ ನಡುವೆ ತೇಲಬೇಕಂತೆ. ಹಾಗೆ ತೇಲಿಸಿ ತೇಲಿಸಿ, ಶಕ್ತಿನಗರದ ನಮ್ಮ ಈ ಫ್ಲ್ಯಾಟಿನ ಪುಟ್ಟ ಚಾವಡಿಯಲ್ಲಿ ಅದರ ಮುಖವನ್ನು ಬಾಲ್ಕನಿಯ ಕಡೆಗೂ ಬೆನ್ನನ್ನು ಬಾಗಿಲ ಕಡೆಗೂ ತಿರುಗಿಸಿಟ್ಟಿದ್ದಾಳೆ. ಬಂದವರಿಗೆ ಮೊದಲು ಕಾಣುವುದು ಮನೆಯವರ ಹಿಂದಲೆ. ನಾನು ಬೆಳೆದ ಮನೆಯಲ್ಲಿ ಬೆಂಚು, ಕುರ್ಚಿ, ಆರಾಮಕುರ್ಚಿ ಎಲ್ಲಕ್ಕೂ ಗೋಡೆಯೇ ಗತಿ, ಎಲ್ಲದರ ಮುಖ ಬಾಗಿಲಿಗೆ. ಅದು ಯಾವ ಶೈಲಿ ಎಂದು ಯಾರೂ ಹೆಸರಿಟ್ಟಿರಲಿಲ್ಲ. ಬರುವವರು ಮುಖ್ಯ ಎಂಬುದೊಂದು ಆ ಮರದ ತುಂಡುಗಳಿಗೂ ತಿಳಿದಿತ್ತು. ಬಂದವರು ಮೆಟ್ಟಿಲು ಹತ್ತುವ ಮೊದಲೇ ಒಳಗಿನಿಂದ ಸ್ವಾಗತದ ಸ್ವರ ಹೋಗಿಬಿಡುತ್ತಿತ್ತು. ಈಗಿನ ಚೆಲುವಿಗೆ ಬರುವವರು ಬೇಕಾಗಿಯೇ ಇಲ್ಲ. ಬಂದು ಕೂತರೆ ದಿಂಬಿನ ಕಿವಿ ಮಡಚುತ್ತದೆ.

ಇಷ್ಟೆಲ್ಲ ಅಲಂಕಾರ ಯಾಕೆಂದರೆ, ಬರುವ ಭಾನುವಾರ ಹುಡುಗನ ಕಡೆಯವರು ಪ್ರತೀಕ್ಷಾಳ ಮದುವೆಯ ದಿನ ಗೊತ್ತುಮಾಡಲು ಬರುವವರಿದ್ದರು. ತಾಯಿಯ ಕಡೆಯಿಂದ ವಂಶ ಎಣಿಸುವ ನಮ್ಮ ಅಳಿಯಸಂತಾನದ ಮನೆಗಳಲ್ಲಿ ಹುಡುಗಿಯ ಸೋದರಮಾವ ಎದುರು ಕೂರದೆ ಅಂಥ ಮಾತು ಬಾಯಿಂದ ಹೊರಡುವುದಿಲ್ಲ. ಅವಳ ಅಪ್ಪ ತೀರಿಕೊಂಡ ಮೇಲಂತೂ ಆ ಜಾಗದಲ್ಲಿ ಕೂರಬೇಕಾದವನು ನನ್ನ ಅಣ್ಣ ಒಬ್ಬನೇ. ಆದರೆ ಅಣ್ಣ ಈ ಮನೆಗೆ ನಾಲ್ಕು ವರ್ಷಗಳಿಂದ ಕಾಲಿಟ್ಟಿರಲಿಲ್ಲ. ತಪ್ಪು ನನ್ನದೇ. ಈ ಫ್ಲ್ಯಾಟಿನ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಅವನನ್ನು ಮನೆಗೆ ಹೋಗಿ ಕರೆಯುವ ಬದಲು ವಾಟ್ಸಾಪಿನಲ್ಲಿ ಆಮಂತ್ರಣದ ಕಾಗದ ಕಳಿಸಿದೆ, ಊರಿಗೆಲ್ಲ ಕಳಿಸಿದ್ದನ್ನೇ. ಅವನು ಬರಲಿಲ್ಲ. ಅವನು ಬರಲಿಲ್ಲವೆಂದು ನನಗೆ ಸಿಟ್ಟು, ನಾನು ಕರೆಯಲಿಲ್ಲವೆಂದು ಅವನಿಗೆ. ಈಗ ಹೋಗಿ ಕರೆಯಬೇಕು, ಸರಿ. ಸೋಮವಾರ ಹೋಗುತ್ತೇನೆ ಎಂದೆ, ಮಂಗಳವಾರ ಎಂದೆ. "ಭಾನುವಾರ ಮಾವ ಇಲ್ಲದಿದ್ದರೆ ನಾನು ಕೋಣೆಯಿಂದ ಹೊರಗೆ ಬರುವುದೇ ಇಲ್ಲ" ಎಂದು ಮಗಳು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದಳು. ಹಾಗೆ ಹೇಳಿ ಮತ್ತೆ ದಿಂಬಿಗೆ ಹೊಡೆಯಲು ಹೋದಳು.

ಗುರುವಾರ ಬೆಳಿಗ್ಗೆ ಅವಳು ಬಲ್ಮಠದ ಆಫೀಸಿಗೆ ಹೋದ ಮೇಲೆ ನಾನು ಆ ಸೋಫಾದಲ್ಲಿ, ಅಂದರೆ ಬಾಗಿಲಿಗೆ ಬೆನ್ನು ಹಾಕಿ, ಕೂತಿದ್ದೆ. ಗಾಳಿಗೆಂದು ಬಾಗಿಲು ತೆರೆದಿತ್ತು. ಹಂಪನಕಟ್ಟೆಯ ಅಂಗಡಿಯಿಂದ ದಿಂಬಿನ ಹೊಸ ಕವರು ಬರಬೇಕಿತ್ತು. ಫೋನು ಮಾಡಿದಾಗಲೆಲ್ಲ "ಹೊರಟಾಯ್ತು ಮೇಡಂ, ಈಗ ಬರ್ತದೆ" ಎನ್ನುತ್ತಾ ಮೂರು ದಿನದಿಂದ ಹೊರಡುತ್ತಲೇ ಇದ್ದರು. ಹಿಂದಿನ ಸಲ ಅಲ್ಲಿಂದ ಬಂದವನು ಚಪ್ಪಲಿಯ ಕೆಸರನ್ನು ಹೊಸ ಜಮಖಾನೆಗೆ ಒರೆಸಿಹೋಗಿದ್ದ. ಹಿಂದಿನಿಂದ ಹೆಜ್ಜೆಯ ಸದ್ದು, ಗಂಟಲು ಕೆರೆದ ಸದ್ದು ಕೇಳಿತು. ನನಗೆ ಮೈಯೆಲ್ಲ ಉರಿಯಿತು. ತಿರುಗಿಯೂ ನೋಡದೆ, "ಅಲ್ಲೇ ಹೊರಗೆ ಇಟ್ಟು ಹೋಗಿ, ಒಳಗೆ ಬರುವುದು ಬೇಡ" ಎಂದೆ. ಏನನ್ನೋ ನೆಲಕ್ಕಿಟ್ಟ ಸದ್ದು ಮಾತ್ರ ಬಂತು.

ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೋಗಿ ನೋಡಿದರೆ ಹೊಸ್ತಿಲಾಚೆ ಒಂದು ಬಟ್ಟೆಚೀಲ. ಒಳಗೆ ಎರಡು ಸೌತೆಕಾಯಿ, ಬಸಳೆಯ ಕಟ್ಟು, ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ. ಚೀಲದ ಬಾಯಿಯನ್ನು ಬಾಳೆನಾರಿನಿಂದ ಎರಡು ಸುತ್ತು ಸುತ್ತಿ ಅಡ್ಡಗಂಟು ಹಾಕಿತ್ತು. ಲೋಕದಲ್ಲಿ ಹಾಗೆ ಗಂಟು ಹಾಕುವವನು ಒಬ್ಬನೇ. ಅಯ್ಯೋ ದೇವರೇ ಎಂದೆ. ಹೇಳಿದ ಹಾಗೆ ಹೊರಗೆ ಇಟ್ಟು, ಹೇಳಿದ ಹಾಗೆ ಒಳಗೆ ಬಾರದೆ, ಹೇಳಿದ ಹಾಗೆ ಹೋಗಿದ್ದ.

ಅರುವತ್ತು ದಾಟಿದವಳು ಮೂರು ಮಹಡಿಯ ಮೆಟ್ಟಿಲನ್ನು ಹೇಗೆ ಇಳಿದೆನೋ ನನಗೇ ಗೊತ್ತಿಲ್ಲ. ಬಸ್‌ಸ್ಟಾಪಿನ ಸಿಮೆಂಟು ಕಟ್ಟೆಯಲ್ಲಿ ಅಣ್ಣ ಕೊಡೆ ಊರಿಕೊಂಡು ಕೂತಿದ್ದ. ಮೂಡಬಿದಿರೆಯ ಆಚೆಯಿಂದ ಎರಡು ಬಸ್ಸು ಬದಲಿಸಿ ಬಂದವನು. ಕೂದಲು ಅಷ್ಟೊಂದು ಬೆಳ್ಳಗಾದದ್ದು ಯಾವಾಗ?

"ಅದು ನಿನಗೆ ಹೇಳಿದ್ದಲ್ಲ ಅಣ್ಣಾ! ದಿಂಬಿನ ಕವರು ತರುವವನಿಗೆ ಹೇಳಿದ್ದು."

"ಯಾರಿಗೆ ಹೇಳಿದ್ದು ಅಂತ ನನಗೆ ಹೇಗೆ ಗೊತ್ತಾಗಬೇಕು? ಮುಖ ಕಂಡಿದ್ದರೆ ಅಲ್ವಾ?"

"ಆ ದರಿದ್ರ ಸೋಫಾ ಆಚೆ ತಿರುಗಿಕೊಂಡು ಉಂಟು, ನಾನೆಂತ ಮಾಡಲಿ?"

"ಸೋಫಾ ತಿರುಗದಿದ್ದರೆ ಬೇಡ ಮಾರಾಯ್ತಿ. ನಿನಗೆ ಕುತ್ತಿಗೆ ಉಂಟಲ್ಲ?"

ಇಷ್ಟು ದಿನ ಒಂದು ಮರದ ಸಾಮಾನಿನ ಮೇಲೆ ಹಾಕಿದ ಬೈಗುಳವೆಲ್ಲ ಸುತ್ತಿ ಬಂದು ನನ್ನ ಕೊರಳಿಗೇ ಬಿತ್ತು. ಅವನು ಇನ್ನೂ ಮುಗಿಸಿರಲಿಲ್ಲ.

"'ಹೋಗು' ಅಂತ ಬೈದಿದ್ದರೆ ನಾನು ಸೀದಾ ಒಳಗೆ ಬರ್ತಿದ್ದೆ. ಸಣ್ಣದಿರುವಾಗ ಎಷ್ಟು ಸಲ ಹೇಳಿದ್ದಿ, ನಾನು ಹೋದದ್ದುಂಟಾ? ಇವತ್ತು 'ಹೋಗಿ' ಅಂದೆ. ಹೊರಗಿನವರಿಗೆ ಹೇಳುವ ಹಾಗೆ."

ನಮ್ಮ ಮಾತು ನಡೆದದ್ದು ತುಳುವಿನಲ್ಲಿ. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆದರೆ ಎರಡು ಭಾಷೆಯಲ್ಲೂ ಆ ಏಟು ಬೀಳುವುದು ಒಂದೇ ಜಾಗಕ್ಕೆ. ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ಪಾಠ ಹೇಳಿದವಳು ನಾನು. ಗೌರವಕ್ಕೆ ಬಹುವಚನ ಎಂದು ಕರಿಹಲಗೆಯ ಮೇಲೆ ಎಷ್ಟು ಸಾರಿ ಬರೆದಿದ್ದೇನೋ. ಅದೇ ಬಹುವಚನ ಸ್ವಂತ ಅಣ್ಣನ ಕಿವಿಗೆ ಬಿದ್ದರೆ ಬಾಗಿಲು ಮುಚ್ಚಿದಂತೆ ಕೇಳುತ್ತದೆ ಎಂದು ಯಾವ ವ್ಯಾಕರಣದ ಪುಸ್ತಕವೂ ನನಗೆ ಹೇಳಿರಲಿಲ್ಲ. ಕನ್ನಡದಲ್ಲಾದರೆ ಒಂದು ಉಕಾರ ಹೋಗಿ ಇಕಾರ ಬಂದದ್ದಷ್ಟೇ ವ್ಯತ್ಯಾಸ. ನನಗೆ ಅಳು ಬಂತು. ಅಳುವುದಕ್ಕೂ ಸಿಟ್ಟು ಬಂತು.

"ಅಷ್ಟು ಬೇಸರ ಇದ್ದವನು ಮತ್ತೆ ಯಾಕೆ ಬಂದೆ?" ಎಂದೆ.

ಅಣ್ಣ ಕೊಡೆಯ ಹಿಡಿಯನ್ನೇ ನೋಡುತ್ತಾ ಹೇಳಿದ: "ಭಾನುವಾರ ಅವರು ಬರ್ತಾರಂತೆ. ನೀನು ಕರೆಯಲಿಕ್ಕೆ ಬರ್ತಿ ಅಂತ ಕಾದೆ. ಬರುವ ಲಕ್ಷಣ ಕಾಣಲಿಲ್ಲ. ಹಾಗೆ ನಾನೇ ಕರೆಯಿಸಿಕೊಂಡು ಹೋಗುವ ಅಂತ ಬಂದೆ."

ಅಷ್ಟರಲ್ಲಿ ಬಸ್ಸು ಬಂದು ನಿಂತಿತು. ಕಂಡಕ್ಟರು ಸೀಟಿ ಬಾಯಿಗಿಟ್ಟುಕೊಂಡು ನಮ್ಮಿಬ್ಬರನ್ನೂ ನೋಡಿದ. ಅಣ್ಣ ಏಳಲಿಲ್ಲ. ಬಸ್ಸು ಹೋಯಿತು.

ನಡೆದುಕೊಂಡು ಮನೆಗೆ ಬಂದೆವು. ಹೊಸ್ತಿಲಲ್ಲಿ ನಿಂತು ಅಣ್ಣ ಕೋಣೆಯ ನಡುವಿನ ಸೋಫಾವನ್ನು ನೋಡಿ, "ಇದನ್ನು ಅರ್ಧದಲ್ಲೇ ಬಿಟ್ಟು ಹೋಗಿದ್ದಾರಲ್ಲ, ಗೋಡೆಗೆ ಇಡುವವರು ಇನ್ನು ಯಾವಾಗ ಬರುವುದು?" ಎಂದು ಕೇಳಿದ. ಅವನು ಸುತ್ತು ಹಾಕಿ ಹೋಗಿ, ದಿಂಬುಗಳನ್ನು ಒಂದರ ಮೇಲೊಂದು ಪಕ್ಕಕ್ಕೆ ಒಟ್ಟಿ, ಅಗಲವಾಗಿ ಕೂತ. ನಿಜ ಹೇಳಬೇಕೆಂದರೆ ಆ ಸೋಫಾ ಮೊದಲ ಸಲ ನನ್ನ ಕಣ್ಣಿಗೆ ಚೆನ್ನಾಗಿ ಕಂಡಿತು. ಈ ಮಾತನ್ನು ಮಗಳಿಗೆ ನೀವು ಹೇಳಬೇಡಿ.

ಬೆಲ್ಲ, ನೀರು ತಂದುಕೊಟ್ಟೆ. ಕುಡಿದು ಲೋಟ ಕೆಳಗಿಟ್ಟ. ಭಾನುವಾರದ ಸಂಗತಿಯನ್ನು ಸ್ವಲ್ಪ ಮೊದಲಷ್ಟೇ ತನ್ನ ಬಾಯಿಂದಲೇ ಹೇಳಿದ ಮನುಷ್ಯ, ಲೋಕದ ಸುದ್ದಿ ಒಂದೂ ತಿಳಿಯದವನ ಹಾಗೆ ಮುಖ ಮಾಡಿಕೊಂಡು, "ಮತ್ತೆ? ಎಂತ ವಿಶೇಷ?" ಎಂದು ಕೇಳಿದ.

ನಾನು ಸೆರಗು ಸರಿಮಾಡಿಕೊಂಡು ಅವನ ಎದುರು ನಿಂತೆ. "ಅಣ್ಣಾ, ಭಾನುವಾರ ನಿನ್ನ ಸೊಸೆಯ ಮದುವೆಯ ಮಾತುಕತೆ ಉಂಟು. ನೀನು ಬರಬೇಕು" ಎಂದೆ.

"ನೋಡುವ," ಎಂದ ಅಣ್ಣ, "ಪುರುಸೊತ್ತು ಉಂಟಾ ಅಂತ."