ಬಸ್ಸು ಬೇಡವೆಂದ ಊರಿನ ನಕ್ಷೆ

ಕೊರೊನಾ ಮುಗಿದು ಕಚೇರಿಗಳು ಮತ್ತೆ ಬಾಗಿಲು ತೆರೆದ ಮರುವರ್ಷದ ಮಾತು. ನಾನಾಗ ಶಿಕಾಗೋದ ಒಂದು ಲಾಭರಹಿತ ಸಂಸ್ಥೆಯಲ್ಲಿ ಡೇಟಾ ಎಂಜಿನಿಯರ್ ಆಗಿದ್ದೆ. ಶಿಕಾಗೋ ಹೊರವಲಯದ ನೇಪರ್‌ವಿಲ್‌ನ ನಮ್ಮ ಬೀದಿಯಲ್ಲಿ ಈ ಕೆಲಸಕ್ಕೆ ಮರ್ಯಾದೆ ಅಷ್ಟಕ್ಕಷ್ಟೇ. ಬ್ಯಾಂಕಿಗೋ ವಿಮಾ ಕಂಪನಿಗೋ ದುಡಿಯುವುದು ಬಿಟ್ಟು ಬಸ್ಸಿನ ಟೈಮ್‌ಟೇಬಲ್ ಹಿಡಿದು ಕೂರುವ ಹೆಂಗಸಿಗೆ ತಲೆ ನೆಟ್ಟಗಿಲ್ಲ ಎಂದು ನೆರೆಯವರ ಗುಮಾನಿ. ಅವರ ಸರ್ಟಿಫಿಕೇಟು ನನಗೂ ಬೇಕಿರಲಿಲ್ಲ.

ಸರ್ಕಾರಿ ಸಂಸ್ಥೆಗಳು ಪ್ರಕಟಿಸುವ, ಆದರೆ ಸಾಮಾನ್ಯರಿಗೆ ತಲೆಬುಡ ಅರ್ಥವಾಗದ ಡೇಟಾವನ್ನು ಎಲ್ಲರೂ ಬಳಸಬಲ್ಲ ನಕ್ಷೆಯಾಗಿ ಮಾಡಿ ವೆಬ್‌ಸೈಟಿನಲ್ಲಿ ಇಡುವುದು ನಮ್ಮ ಕೆಲಸ. ಆ ವರ್ಷ ಡೆಟ್ರಾಯ್ಟ್ ಸುತ್ತಲಿನ ಊರುಗಳ ನಕ್ಷೆ ಕೈಗೆತ್ತಿಕೊಂಡೆವು. ನಿಮ್ಮ ವಿಳಾಸ ಟೈಪ್ ಮಾಡಿದರೆ, ಬಸ್ಸಿನಲ್ಲಿ ಒಂದು ಗಂಟೆಯೊಳಗೆ ಎಲ್ಲಿಗೆಲ್ಲ ತಲುಪಬಹುದೋ ಅಷ್ಟು ಜಾಗ ಹಸಿರಾಗುತ್ತದೆ. ತಲುಪಲಾಗದ ಜಾಗ ಬಿಳಿಯಾಗಿ ಉಳಿಯುತ್ತದೆ. ಕೆಲಸ, ಆಸ್ಪತ್ರೆ, ಕಾಲೇಜು ಯಾರ ಕೈಗೆಟಕುತ್ತವೆ, ಯಾರಿಗಿಲ್ಲ ಎಂಬುದನ್ನು ಭಾಷಣವಿಲ್ಲದೆ ತೋರಿಸುವ ಸಾಧನ ಅದು.

ನಕ್ಷೆಯಲ್ಲಿ ಒಂದು ಟೌನ್‌ಶಿಪ್, ಎಂದರೆ ತನ್ನದೇ ಆಡಳಿತವಿರುವ ಊರು, ಪೂರ್ತಿ ಬಿಳಿಯಾಗಿತ್ತು. ಅಲ್ಲಿನ ಮತದಾರರು ಹಿಂದೆಯೇ ವೋಟು ಹಾಕಿ ನಮಗೆ ಬಸ್ಸು ಬೇಡ ಎಂದಿದ್ದರು. ಬಸ್ಸು ಗಡಿಯವರೆಗೆ ಬಂದು, ಅಲ್ಲಿ ಜನರನ್ನು ಇಳಿಸಿ ತಿರುಗಿ ಹೋಗುತ್ತಿತ್ತು. ಇಳಿದವರು ಫುಟ್‌ಪಾತ್ ಇಲ್ಲದ ರಸ್ತೆಯ ಅಂಚಿನಲ್ಲಿ ಮೈಲಿಗಟ್ಟಲೆ ನಡೆದು ಅಲ್ಲಿನ ಅಂಗಡಿ, ನರ್ಸಿಂಗ್ ಹೋಮ್‌ಗಳ ಕೆಲಸಕ್ಕೆ ಹೋಗಬೇಕು. ಆ ನವೆಂಬರಿನಲ್ಲಿ ಬಸ್ಸಿನ ಪ್ರಶ್ನೆ ಮತ್ತೆ ಮತಕ್ಕೆ ಬರುವುದಿತ್ತು. ನಮ್ಮ ಕನ್ನಡದವರೂ ಅಲ್ಲಿ ಸಾಕಷ್ಟಿದ್ದರು.

ಗಣೇಶನ ಹಬ್ಬಕ್ಕೆಂದು ಐದು ಗಂಟೆ ಡ್ರೈವ್ ಮಾಡಿಕೊಂಡು ಅಲ್ಲಿನ ಗೆಳತಿಯ ಮನೆಗೆ ಹೋಗಿದ್ದೆ. ಅಲ್ಲಿ ಸಿಕ್ಕವರು ಭೂಷಣ್. ಕಾರಿನ ಕಂಪನಿಯಲ್ಲಿ ದೊಡ್ಡ ಎಂಜಿನಿಯರ್, ತಮ್ಮ ಬಡಾವಣೆಯ, ಅಲ್ಲಿಯವರ ಮಾತಿನಲ್ಲಿ ಸಬ್‌ಡಿವಿಷನ್ನಿನ, ಮನೆಮಾಲೀಕರ ಸಂಘಕ್ಕೆ ಅಧ್ಯಕ್ಷ, ಬಸ್ಸು ಬೇಡ ಎನ್ನುವವರ ಮುಂದಾಳು. ನಾನು ಒಳಗೆ ಹೋದಾಗ ಮಕ್ಕಳನ್ನೆಲ್ಲ ಕೂರಿಸಿಕೊಂಡು, ತಾವು ಬೆಂಗಳೂರಿನಲ್ಲಿ ಸಿಟಿ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡಿಕೊಂಡು ಕಾಲೇಜು ಮುಗಿಸಿದ ಕಥೆ ಹೇಳುತ್ತಿದ್ದರು. ಕಥೆ ಮುಗಿದ ಮೇಲೆ ನನ್ನ ಕಡೆ ತಿರುಗಿದರು.

“ನಿಮ್ಮ ಮ್ಯಾಪ್ ನೋಡಿದೆ ಮೇಡಂ. ಚೆನ್ನಾಗಿದೆ. ಆದ್ರೆ ನಮ್ಮೂರನ್ನ ಪೂರ್ತಿ ಬಿಳಿ ಮಾಡ್ಬಿಟ್ಟಿದೀರಲ್ಲ, ನೋಡಿದೋರು ಏನಂದ್ಕೊಳ್ತಾರೆ? ಒಂದು ಲೈಟ್ ಗ್ರೀನ್ ಹಾಕಿ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.”

“ಬಸ್ ಬಂದ್ರೆ ಅದೇ ಗ್ರೀನ್ ಆಗುತ್ತೆ,” ಎಂದೆ.

“ಬಸ್ ಬಂದ್ರೆ ಯಾರ್ಯಾರೋ ಬರ್ತಾರೆ. ನಿಮಗೆ ಗೊತ್ತಲ್ಲ.”

“ಯಾರು?”

ಡೆಟ್ರಾಯ್ಟಿನ ಬಡವರು, ಕಪ್ಪು ಜನ ಎಂದು ಬಾಯಿಬಿಟ್ಟು ಹೇಳುವ ಧೈರ್ಯವಾದರೂ ಬೇಡವೇ? ಕೋಸಂಬರಿಯ ಕಡೆ ನೋಡುತ್ತ, “ನಮ್ಮಲ್ಲಿ ಬಸ್ಸಿಗೆ ಕಾಯ್ಕೊಂಡು ಕೂತಿರೋ ಒಂದೇ ಒಂದು ಮನೆ ತೋರಿಸಿ, ನಾನೇ ವೋಟ್ ಹಾಕ್ತೀನಿ,” ಎಂದರು. ಸುತ್ತ ಇದ್ದವರು ನಕ್ಕರು. ತಾನು ಹತ್ತಿ ಬಂದ ಬಸ್ಸನ್ನೇ ಇನ್ನೊಬ್ಬರು ಹತ್ತಬಾರದು ಎನ್ನುವವರ ಜೊತೆ ಕೂತು ಕಡುಬು ತಿನ್ನುವುದು ನನಗೆ ಕಷ್ಟ, ಆದರೂ ಗೆಳತಿಯ ಮುಖ ನೋಡಿ ತಿಂದೆ.

ನಮ್ಮ ವೆಬ್‌ಸೈಟಿನಲ್ಲಿ ದೂರು ಬರೆಯಲು ಒಂದು ಜಾಗವಿತ್ತು. ಕೆಲವು ದಿನಗಳ ನಂತರ ಅಲ್ಲಿಗೆ ಇಂಗ್ಲಿಷಿನಲ್ಲಿ ಒಂದು ಸಂದೇಶ ಬಂತು: ನಿಮ್ಮ ಟೂಲ್ ಕೆಟ್ಟಿದೆ, ನನ್ನ ಮನೆಯಿಂದ ಡೆಟ್ರಾಯ್ಟ್ ಪಕ್ಕದ ವಾರೆನ್‌ಗೆ ದಾರಿಯನ್ನೇ ತೋರಿಸುತ್ತಿಲ್ಲ. ವಿಳಾಸ ಅದೇ ಟೌನ್‌ಶಿಪ್ಪಿನದು, ಬರೆದವಳ ಹೆಸರು ಅನಘಾ. ಟೂಲ್ ಸರಿಯಿದೆ, ದಾರಿಯೇ ಇಲ್ಲ ಎಂದು ಉತ್ತರಿಸಿದೆ. ಫೋನಿನಲ್ಲಿ ಮಾತಾಡಬಹುದೇ ಎಂದು ಕೇಳಿದಳು.

ಕನ್ನಡದವರ ಮನೆಯಲ್ಲಿ ಅಲ್ಲೇ ಹುಟ್ಟಿ ಬೆಳೆದ ಹುಡುಗಿ. ವಾರೆನ್‌ನಲ್ಲಿ ಕಾರಿನ ಒಳಭಾಗ ವಿನ್ಯಾಸ ಮಾಡುವ ಸ್ಟುಡಿಯೋದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದಳು. ಬೇಸಿಗೆಯಲ್ಲಿ ಎರಡು ಸಲ ಫಿಟ್ಸ್ ಬಂದಿತ್ತು. ಫಿಟ್ಸ್ ಬಂದವರು ತಿಂಗಳುಗಟ್ಟಲೆ ಕಾರು ಓಡಿಸುವಂತಿಲ್ಲ. ಒಮ್ಮೆ ಟ್ಯಾಕ್ಸಿಯಲ್ಲೇ ಹಾಗಾಗಿ ಡ್ರೈವರ್ ಗಾಬರಿಬಿದ್ದ ಮೇಲೆ, ಮನೆಯವರು ಒಬ್ಬಳೇ ಟ್ಯಾಕ್ಸಿ ಹತ್ತಲೂ ಬಿಡುತ್ತಿರಲಿಲ್ಲ. ಅಪ್ಪ ತಮ್ಮ ಮೀಟಿಂಗುಗಳ ನಡುವೆ ಬಿಡುವಾದಾಗ ಬಿಟ್ಟು ಬರುತ್ತಿದ್ದರು. ದಿನವೂ ತಡ. ಇನ್ನೂ ಹೀಗೇ ಆದರೆ ಕೆಲಸ ಕಾಯಂ ಆಗುವುದಿಲ್ಲ ಎಂದು ಮೇಲಿನವರು ಹೇಳಿದ್ದರು.

“ನಿಮ್ಮ ಸಬ್‌ಡಿವಿಷನ್ನಿಂದ ವಾರೆನ್‌ಗೆ ಹೋಗೋ ಕನ್ನಡದೋರು ಎಷ್ಟು ಜನ ಇದಾರೆ. ರೈಡ್ ಕೇಳಬಾರದಾ?” ಎಂದೆ.

“ಕೇಳಿದ್ರೆ ಯಾಕೆ ಅಂತ ಹೇಳ್ಬೇಕಲ್ಲ ಆಂಟಿ. ಅಮ್ಮ ನನಗೆ ಹುಡುಗನ್ನ ನೋಡ್ತಿದಾರೆ. ಮ್ಯಾರೇಜ್ ಫಿಕ್ಸ್ ಆಗೋವರೆಗೂ ಯಾರಿಗೂ ಗೊತ್ತಾಗಬಾರದಂತೆ. ಕಾರು ರಿಪೇರಿಗೆ ಹೋಗಿದೆ ಅಂತ ಅಪ್ಪ ಎಲ್ಲರಿಗೂ ಹೇಳಿದಾರೆ.”

ಬೇಸಿಗೆಯಿಂದ ರಿಪೇರಿಯಲ್ಲೇ ಇರುವ ಕಾರು! ಅದನ್ನು ನಂಬಿದವರ ಬುದ್ಧಿಗೆ ಏನೆನ್ನಬೇಕು? ಅಪ್ಪ ಯಾರೆಂದು ಕೇಳಿದೆ.

“ನೀವು ಮೀಟ್ ಮಾಡಿದೀರಿ. ಲೈಟ್ ಗ್ರೀನ್.”

ಒಂದು ಮನೆ ತೋರಿಸಿ ಎಂದಿದ್ದರಲ್ಲ ಭೂಷಣ್, ಆ ಮನೆ ಅವರದ್ದೇ. ಆದರೆ ನಮ್ಮ ವೃತ್ತಿಯಲ್ಲಿ ಒಬ್ಬ ವ್ಯಕ್ತಿಯ ವಿವರವನ್ನು ಅವರ ಒಪ್ಪಿಗೆಯಿಲ್ಲದೆ ಬಾಯಿಬಿಡುವಂತಿಲ್ಲ. ಬಿಟ್ಟಿದ್ದರೆ, ಅವಳನ್ನು ಕೇಳದೆ ಅವಳ ಪರವಾಗಿ ನಿರ್ಧರಿಸುವ ಭೂಷಣ್‌ಗೂ ನನಗೂ ವ್ಯತ್ಯಾಸ ಇರುತ್ತಿರಲಿಲ್ಲ.

ಮತದಾನಕ್ಕೆ ಮೊದಲು ಅಲ್ಲಿನ ಲೈಬ್ರರಿಯಲ್ಲಿ ಸಾರ್ವಜನಿಕ ಸಭೆಯಾಯಿತು. ಸಭಿಕರು ವಿಳಾಸ ಹೇಳುವುದು, ನಾನು ಟೈಪ್ ಮಾಡಿ ಪರದೆಯ ಮೇಲೆ ತೋರಿಸುವುದು. ನಮ್ಮವರೆಲ್ಲ ಎರಡು ಸಾಲು ಹಿಡಿದು ಕೂತಿದ್ದರು. ಭೂಷಣ್ ಮೈಕ್ ಹಿಡಿದು ಅದೇ ಸವಾಲು ಹಾಕಿದರು, ಈ ಸಲ ಇಂಗ್ಲಿಷಿನಲ್ಲಿ. ಅವರ ಮಾತು ಮುಗಿಯುತ್ತಿದ್ದಂತೆ ಹಿಂದಿನ ಕುರ್ಚಿಯಿಂದ ಅನಘಾ ಎದ್ದು ತನ್ನ ಮನೆಯ ವಿಳಾಸ ಹೇಳಿದಳು. ಹೋಗಬೇಕಾದ್ದು ವಾರೆನ್‌ಗೆ ಎಂದಳು. ನಾನು ಟೈಪ್ ಮಾಡಿದೆ. ಪರದೆ ಬಿಳಿಯಾಗೇ ಉಳಿಯಿತು.

“ನಿಮ್ಮನೇಲಿ ಮೂರು ಕಾರಿದೆಯಲ್ಲಮ್ಮ,” ಎಂದು ಯಾರೋ ನಕ್ಕರು.

“ಇದೆ ಅಂಕಲ್. ನಾನು ಒಂದನ್ನೂ ಓಡಿಸೋ ಹಾಗಿಲ್ಲ. ನನಗೆ ಫಿಟ್ಸ್ ಇದೆ.” ಬೇಕೆಂದೇ ಕನ್ನಡದಲ್ಲಿ, ನಿಧಾನವಾಗಿ, ಆ ಎರಡು ಸಾಲಿಗೆ ಕೇಳಿಸುವಂತೆ ಹೇಳಿದಳು.

ಮಗಳ ಬಳಿಗೆ ಹೋಗಬೇಕಾಗಿದ್ದ ಅಪ್ಪ ಸಭೆಯ ಕಡೆ ತಿರುಗಿದರು. “ಅವಳಿಗೇನೂ ಇಲ್ಲ. ಸ್ವಲ್ಪ ವಿಟಮಿನ್ ಕಡಿಮೆ ಅಷ್ಟೇ,” ಎಂದರು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಎದುರಿಗಿದ್ದ ಸತ್ಯವನ್ನು ಇಷ್ಟು ಬೇಗ ಅಳಿಸಿಹಾಕಿದ ಮನುಷ್ಯನನ್ನು ಕಂಡಿಲ್ಲ. ಅನಘಾ ಕಣ್ಣು ಒರೆಸಿಕೊಳ್ಳಲಿಲ್ಲ, ಕೂರಲೂ ಇಲ್ಲ. ಸಭೆ ಮುಗಿಯುವವರೆಗೂ ನಿಂತೇ ಇದ್ದಳು.

ಮಾರನೆಯ ದಿನದಿಂದ ನಮ್ಮವರ ಕರುಣೆ ಉಕ್ಕಿ ಹರಿಯಿತು. ವಾರೆನ್‌ಗೆ ಹೋಗುವವರೆಲ್ಲ ಅನಘಾಳನ್ನು ಕರೆದುಕೊಂಡು ಹೋಗಲು ಸರದಿ ಹಾಕಿಕೊಂಡರು. ದಾರಿಯುದ್ದಕ್ಕೂ ಯಾವ ಮಾತ್ರೆ, ಯಾವ ಡಾಕ್ಟರು, ಮೈಸೂರಿನಲ್ಲಿ ಒಬ್ಬರು ಔಷಧಿ ಕೊಡುತ್ತಾರಂತೆ ಎಂಬ ವಿಚಾರಣೆ. ನವೆಂಬರಿನಲ್ಲಿ ಅದೇ ಜನ ಹೋಗಿ ಬಸ್ಸಿನ ವಿರುದ್ಧ ವೋಟು ಹಾಕಿ ಬಂದರು, ಬಂದು ಅದನ್ನು ಹೇಳಿಕೊಂಡರು ಕೂಡ. ಬಸ್ಸು ಸೋತಿತು. ಭೂಷಣ್ ನನಗೆ ಫೋನ್ ಮಾಡಿ, “ನೋಡಿದ್ರಾ ಮೇಡಂ, ಬಸ್ ಇಲ್ದೇನೆ ಪ್ರಾಬ್ಲಂ ಸಾಲ್ವ್ ಆಯ್ತು,” ಎಂದರು. ಗಡಿಯಲ್ಲಿ ಇಳಿದು ನಡೆಯುವವರು ಅವರ ಲೆಕ್ಕದಲ್ಲಿ ಮೊದಲೂ ಇರಲಿಲ್ಲ, ಆಗಲೂ ಇರಲಿಲ್ಲ. ನಾನು ಫೋನ್ ಇಟ್ಟೆ.

ಜನಕ್ಕೆ ಗೊತ್ತಿಲ್ಲ, ತೋರಿಸಿದರೆ ತಿದ್ದಿಕೊಳ್ಳುತ್ತಾರೆ ಎಂಬ ನಂಬಿಕೆಯ ಮೇಲೆ ನಮ್ಮ ವೃತ್ತಿ ನಿಂತಿದೆ. ಗೊತ್ತಿದ್ದೇ ಬೇಡವೆಂದವರಿಗೆ ನಕ್ಷೆ ಏನೂ ಮಾಡಲಾರದು, ಅವರನ್ನು ಬಣ್ಣ ಬದಲಿಸದೆ ಹಾಗೇ ತೋರಿಸುವುದಷ್ಟೇ ನಮಗೆ ಉಳಿದ ಕೆಲಸ. ಇದನ್ನು ಆ ಊರು ನನಗೆ ಕಲಿಸಿತು.

ಚಳಿಗಾಲ ಮುಗಿಯುವ ಹೊತ್ತಿಗೆ ಅನಘಾಳ ಕೆಲಸ ಕಾಯಂ ಆಯಿತು. ಮರುವಾರವೇ ವಾರೆನ್‌ನಲ್ಲಿ ಬಸ್ ಸ್ಟಾಪಿನ ಎದುರು ಅಪಾರ್ಟ್‌ಮೆಂಟ್ ಹಿಡಿದಳು. ಆಫೀಸು ದೂರವಾಯಿತು ಅಂತ ಹೋದಳು ಎಂದು ಭೂಷಣ್ ಎಲ್ಲರಿಗೂ ಹೇಳುತ್ತಿದ್ದಾರಂತೆ. ಯುಗಾದಿಯ ದಿನ ಅವಳು ನನಗೊಂದು ಸ್ಕ್ರೀನ್‌ಶಾಟ್ ಕಳಿಸಿದಳು. ಅವಳ ಹೊಸ ಮನೆಯ ಸುತ್ತ ನಕ್ಷೆ ಹಸಿರಾಗಿತ್ತು. ಹೋಗಬೇಕಾದ ಜಾಗ ಎಂಬಲ್ಲಿ ಅಪ್ಪನ ಮನೆಯ ವಿಳಾಸ ಹಾಕಿದ್ದಳು. ತಲುಪಲಾಗುವುದಿಲ್ಲ ಎಂದು ಬಂದಿತ್ತು.

ಕೆಳಗೆ ಒಂದು ಸಾಲು ಬರೆದಿದ್ದಳು: “ನಿಮ್ಮ ಟೂಲ್ ಸರಿಯಾಗೇ ಇದೆ ಆಂಟಿ.”