ಬಣ್ಣ ನೋಡಿ ಮಾತ್ರೆ ಕೊಟ್ಟ ಅಕ್ಕ

ಬೀದಿಯ ತಿರುವಿನ ಔಷಧಿ ಅಂಗಡಿಯಲ್ಲಿ ಒಬ್ಬ ಅಕ್ಕ ಇದ್ದಳು. ಬಹಳ ದಿನಗಳಿಂದ ಅವಳಿಗೆ ಚೀಟಿಯ ಸಾಲುಗಳು ಸೊಟ್ಟಗೆ ಕಾಣುತ್ತಿದ್ದವು. ಪದದ ನಡುವಿನ ಅಕ್ಷರವಂತೂ ಯಾರೋ ಒದ್ದೆ ಬೆರಳಿನಿಂದ ಉಜ್ಜಿದ ಹಾಗೆ ಮಾಯ. ಅಂಗಡಿಯ ಯಜಮಾನರಿಗೆ ತಿಳಿದರೆ ಕೆಲಸ ಹೋಯಿತೆಂಬ ಭಯಕ್ಕೆ ಬಾಯಿ ಬಿಡಲಿಲ್ಲ, ಆಸ್ಪತ್ರೆಯ ಕಡೆಗೂ ತಲೆ ಹಾಕಲಿಲ್ಲ. ಓದುವ ಬದಲು ಬಣ್ಣ ನೆನಪಿಟ್ಟುಕೊಂಡಳು: ಹಸಿರು ಪಟ್ಟಿಯ ಬಾಕ್ಸು ಬಿಪಿಗೆ, ಕಿತ್ತಳೆ ಪಟ್ಟಿಯದು ಸಕ್ಕರೆ ಕಾಯಿಲೆಗೆ.

ಒಂದು ಬೆಳಿಗ್ಗೆ ಎದುರಂಗಡಿಯ ಕ್ಷೌರಿಕ ಓಡಿ ಬಂದ.

"ಅಕ್ಕಾ, ನನ್ನ ಬಿಪಿ ಮಾತ್ರೆ. ಬೇಗ ಕೊಡು, ಒಬ್ರ ಗಡ್ಡ ಅರ್ಧಕ್ಕೆ ಬಿಟ್ಟು ಬಂದಿದೀನಿ!"

"ಬೋಳಿಸಿದ್ದು ಮತ್ತೆ ಬೆಳೆಯೋದ್ರೊಳಗೆ ಹೋಗು ಮಾರಾಯ!"

ಮೇಜಿನ ಮೇಲೆ ಪೇರಿಸಿದ್ದ ಹೊಸ ಮಾಲಿನಲ್ಲಿ ಹಸಿರು ಹುಡುಕಿ ಕೊಟ್ಟಳು.

ಅವನು ಅತ್ತ ಹೋದ, ಮಾಲು ತಂದಿಳಿಸುವವನು ಇತ್ತ ಬಂದ. "ನೋಡಿದ್ರಾ ಅಕ್ಕಾ? ಸಕ್ಕರೆ ಮಾತ್ರೆಗೂ ಈಗ ಹಸಿರು ಬಣ್ಣ ಬಳಿದಿದಾರೆ ಕಂಪನಿಯೋರು."

ತಾನು ಕೊಟ್ಟದ್ದು ಯಾವ ಹಸಿರೆಂದು ಅಕ್ಕನಿಗೇ ಗೊತ್ತಿರಲಿಲ್ಲ. ಸಕ್ಕರೆ ಕಾಯಿಲೆ ಇಲ್ಲದವನು ಖಾಲಿ ಹೊಟ್ಟೆಯಲ್ಲಿ ಅದನ್ನು ನುಂಗಿದರೆ ತಲೆ ತಿರುಗಿ ಬೀಳಬಹುದು. ಅದೂ ಕೈಯಲ್ಲಿ ಕತ್ತಿ ಹಿಡಿದು, ಇನ್ನೊಬ್ಬರ ಗಂಟಲ ಮೇಲೆ! ಬರಿಗಾಲಲ್ಲೇ ಓಡಿದಳು. ಅಡ್ಡ ಬಂದ ಸೈಕಲ್ಲು ಕಾಣಲಿಲ್ಲ, ಬೈಗುಳ ಮಾತ್ರ ಕೇಳಿಸಿತು.

ಕ್ಷೌರಿಕನ ಒಂದು ಕೈಯಲ್ಲಿ ನೀರು, ಇನ್ನೊಂದರಲ್ಲಿ ಮಾತ್ರೆ.

"ನುಂಗ್ಬೇಡ!" ಎಂದು ಕೈಗೆ ಹೊಡೆದಳು. ಮಾತ್ರೆ ಹಾರಿ ನೆಲದ ಕೂದಲ ರಾಶಿಗೆ ಬಿತ್ತು.

"ಇದೇನಕ್ಕಾ, ನನ್ಮೇಲೆ ಇಷ್ಟು ಸಿಟ್ಟು?"

"ನಂಗೆ ಕಣ್ಣು ಕಾಣ್ಸಲ್ಲ ಕಣೋ," ಎಂದುಬಿಟ್ಟಳು. ಆ ಮಾತನ್ನು ಅವಳು ತನಗೆ ತಾನೂ ಹೇಳಿಕೊಂಡಿರಲಿಲ್ಲ.

ಅವನೇ ಅವಳನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದ. "ಕಣ್ಣಿನ ಒಳಪರದೆಗೆ ಹಾನಿಯಾಗಿದೆ. ಸಾಲು ಸೊಟ್ಟ ಕಂಡ ದಿನಾನೇ ಬರ್ಬೇಕಿತ್ತಮ್ಮಾ," ಎಂದರು ವೈದ್ಯೆ. "ಹೋಗಿದ್ದೆಲ್ಲಾ ವಾಪಸ್ ಬರುತ್ತೆ ಅನ್ನಲಾರೆ. ಉಳಿದಿದ್ದನ್ನ ಕಾಪಾಡೋಣ. ಓದೋಕೆ ದೀಪ ಇರೋ ಭೂತಗನ್ನಡಿ ಸಿಗುತ್ತೆ."

ಅಕ್ಕ ಯಜಮಾನರಿಗೆ ಎಲ್ಲವನ್ನೂ ಹೇಳಿದಳು. "ನನ್ನೆದುರು ಓದಿ ತೋರ್ಸು, ಆಮೇಲೆ ನೋಡೋಣ," ಎಂದು ಅವರು ಬೆನ್ನ ಹಿಂದೆ ಬಂದು ನಿಂತರು. ಮೊದಲ ಗಿರಾಕಿ ಅದೇ ಕ್ಷೌರಿಕ. ಅಕ್ಕ ಭೂತಗನ್ನಡಿಯನ್ನು ಬಾಕ್ಸಿನ ಮೇಲೆ ಅವಸರದಿಂದ ಸರಿಸಿದಳು, ಅಕ್ಷರಗಳು ಒಂದರ ಹಿಂದೊಂದು ಓಡಿದವು.

"ನಿಧಾನ ಅಕ್ಕಾ. ಇವತ್ತು ಯಾರ ಗಡ್ಡಾನೂ ಅರ್ಧಕ್ಕೆ ಬಿಟ್ಟಿಲ್ಲ."

ಒಂದೊಂದೇ ಅಕ್ಷರ ಹಿಡಿದು ಮಾತ್ರೆಯ ಹೆಸರನ್ನು ಎಲ್ಲರಿಗೂ ಕೇಳುವಂತೆ ಕೊನೆವರೆಗೆ ಓದಿದಳು. ಯಜಮಾನರು ಬೆನ್ನ ಹಿಂದಿನಿಂದ ಸರಿದರು. ಬಿಪಿ ಮಾತ್ರೆಗಳ ಪಕ್ಕದಲ್ಲಿದ್ದ ಸಕ್ಕರೆ ಮಾತ್ರೆಯ ಬಾಕ್ಸುಗಳನ್ನೆಲ್ಲ ಎತ್ತಿ, ದೂರದ ಕಪಾಟಿಗೆ ಸಾಗಿಸತೊಡಗಿದರು.